ಐದು ಅಂಕದ ಪ್ರಶ್ನೆ

ಎರಡನೇ ಇಂಟರ್ನಲ್ಸು. ಪ್ರಶ್ನೆ ಮೂರು, ಬಿ:
ಕಡಲ ತೀರದ ಇನ್ಸುಲೇಟರುಗಳಿಗೆ
ಕ್ರೀಪೇಜ್ ದೂರ ಹೆಚ್ಚಿರಬೇಕು, ಏಕೆ?
ಐದು ಅಂಕ.

ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟ.
ಒಂದು ಚಿತ್ರ: ಚಹಾದಂಗಡಿಯ ಬಸಿಗಳನ್ನು
ಬೋರಲು ಪೇರಿಸಿಟ್ಟ ಹಾಗೆ ಪಿಂಗಾಣಿ.
ಬರೆದವರು ಯಾವ ಊರಿನವರೋ,
ಉಪ್ಪೆಂದರೆ ಅವರಿಗೆ ಕೋಷ್ಟಕದ ಒಂದು ಕಾಲಮ್ಮು.

ಪೆನ್ನಿನ ಮುಚ್ಚಳ ಕಚ್ಚುತ್ತ ಕೂತೆ.
ಮಾಜಾಳಿಯ ಈ ಕೋಣೆಯ ಕಿಟಕಿಗೂ ಅದೇ ಉಪ್ಪು,
ಸರಳು ಮುಟ್ಟಿದರೆ ತುಕ್ಕು ಬೆರಳಿಗೇ ಬರುತ್ತದೆ.

ಮಳೆಯಲ್ಲ ಸರ್. ಮಳೆ ಒಳ್ಳೆಯದು,
ಆಷಾಢದ್ದು ಗಸಗಸ ತಿಕ್ಕಿ ತೊಳೆಯುತ್ತದೆ.
ಒಣ ಉಪ್ಪೂ ತನ್ನ ಪಾಡಿಗೆ ಕೂತಿರುತ್ತದೆ,
ಮಾತು ಬಾರದ ನೆಂಟನ ಹಾಗೆ.
ಕೆಟ್ಟದ್ದು ಇಬ್ಬನಿ.
ದೀಪಾವಳಿ ಕಳೆದ ಮೇಲೆ ಬೆಳಗಿನ ಜಾವ
ಬೀಳುತ್ತದಲ್ಲ, ಸದ್ದಿಲ್ಲದೆ, ಅದು.

ಇದನ್ನು ಹೇಳಿದ್ದು ಚಂದ್ರಭಾಗಾ ಮಾವಶಿ.
ಹಾಸಿದ ಬಂಗಡೆಗೆ ಹೊತ್ತು ಮುಳುಗುವ ಮುಂಚೆ
ತಾಡಪತ್ರಿ ಹೊದಿಸುತ್ತ ಅನ್ನುತ್ತಾಳೆ:
"ತಂಪು ತಾಗಿದರೆ ಉಪ್ಪು ಅಳುತ್ತದೆ, ಹುಡುಗೀ.
ಅತ್ತ ಉಪ್ಪು ಏನನ್ನೂ ಕಾಯುವುದಿಲ್ಲ."

ಅಷ್ಟೇ ಸರ್. ಅತ್ತ ಉಪ್ಪಿನ ಮೇಲೆ
ಹನ್ನೊಂದು ಸಾವಿರ ವೋಲ್ಟು ನಡೆಯಲು ಕಲಿಯುತ್ತದೆ.
ಮೊದಲು ಅಂಬೆಗಾಲು, ಮಿಲಿ ಆಂಪಿಯರು,
ಆಮೇಲೆ ಚಿರ್ ಚಿರ್ ಎನ್ನುವ ನೀಲಿ ಹುಳ
ಬಸಿಯಿಂದ ಬಸಿಗೆ.
ಬೈತಖೋಲದ ತಿರುವಿನ ಕಂಬದಲ್ಲಿ ನೋಡಿದ್ದೇನೆ,
ಒಂಬತ್ತು ವರ್ಷ ನನಗೆ; ದೇವಚಾರನೆಂದು
ಅಪ್ಪನ ಅಂಗಿ ಹಿಡಿದೆ.
ಢಪ್.

ಐಸ್ ಪ್ಲಾಂಟಿನ ಕಂಪ್ರೆಸರು ನಿಟ್ಟುಸಿರಿಟ್ಟು ನಿಂತಿತು.
ಡಬ್ಬಿಗಳಲ್ಲಿ ನೀರು ಅರ್ಧ ಕಲ್ಲು, ಅರ್ಧ ನೀರು.
ಧಕ್ಕೆಯಲ್ಲಿ ಆರು ಬೋಟು, ಡೀಸೆಲು ತುಂಬಿಕೊಂಡು,
ಬರ್ಫಕ್ಕಾಗಿ ಅಪ್ಪನ ಹೆಸರು ಹಿಡಿದು ಕೂಗುತ್ತ.
ಅವನು ಆಪರೇಟರು ಅಷ್ಟೇ, ಏನು ಮಾಡಿಯಾನು,
ಬೀಡಿ ಹಚ್ಚಿ ಗೇಜಿನ ಮುಳ್ಳು ನೋಡುತ್ತಿದ್ದ.

ಲೈನ್‌ಮನ್ ಬುದ್ಯಾ ಗೌಡರು ಸೈಕಲ್ಲಿನಲ್ಲಿ ಬಂದರು.
ಲೈನು ಕಡಿಸಿ, ಅರ್ಥಿನ ಸರಪಳಿ ಬಿಗಿದು, ಹತ್ತಿ,
ಹಳೇ ಪಂಚೆಯ ತುಂಡಿನಲ್ಲಿ ಒಂದೊಂದೇ ಬಸಿ ಒರೆಸಿದರು,
ಕೆಳಗೆ ಬೋಟಿನವರು ಎಷ್ಟು ಬೈದರೂ ನಿಧಾನ.
ಇಳಿದು ಬಟ್ಟೆಯನ್ನು ನನ್ನತ್ತ ಚಾಚಿ
"ನೆಕ್ಕಿ ನೋಡು" ಅಂದರು.
ನೆಕ್ಕಿದೆ.

ಇದ್ಯಾವುದನ್ನೂ ಬರೆಯಲಿಲ್ಲ.
ಲವಣದ ಪದರ, ತೇವಾಂಶ, ಸೋರಿಕೆ ವಿದ್ಯುತ್ತು:
ನಾಲ್ಕು ಸಾಲು, ಒಂದು ಚಿತ್ರ.
ಇಪ್ಪತ್ತೇ ನಿಮಿಷ ಉಳಿದಿತ್ತು,
ನಾಲ್ಕನೆಯದರ ಲೋಡ್ ಫ್ಲೋ
ಎಷ್ಟು ಸುತ್ತು ಹಾಕಿದರೂ ಕೂಡಿಬರುತ್ತಿರಲಿಲ್ಲ.

ಮೂರು ಅಂಕ ಬಂತು.
ಮೀನು ಮಗುಚುತ್ತ ಮಾವಶಿ ಕೇಳಿದಳು:
"ತಾಡಪತ್ರಿಯದ್ದು ಬರೆದೆಯಾ?"