ಸಪ್ಪಳ ಮಾಡದ ಅಂಗಿ

ದುರ್ಗದ ಬೈಲಿನ ಹಿಂದ, ಕೊಡಿ ರಿಪೇರಿಯವನ ಬಾಜೂಕ
ಮಕಾನದಾರನ ಅಂಗಡಿ. ಮಿಲಿಟರಿಯವರು ಹಾಕಿ ಬಿಟ್ಟದ್ದು,
ಹಾಕದನ ಬಿಟ್ಟದ್ದು, ಮಿಲಿಟರಿ ಕಂಡೇ ಇಲ್ಲದ್ದು
ಎಲ್ಲಾ ಒಂದ ಗುಡ್ಡಿ.
"ಯಾವ ಶಿಕಾರಿಗಿ, ತಮ್ಮಾ?"
"ಶಿಕಾರಿ ಅಲ್ರಿ. ಎಣಸಾಕ."
"ಏನ ಎಣಸ್ತಿ?"
"ತೋಳ."
ಅವ ನನ್ನ ಮಾರಿ ನೋಡಲಿಲ್ಲ, ಕಾಲ ನೋಡಿದ.
ಒಂಬತ್ತನೇ ನಂಬರ್ ಬೂಟು ತಗದ.

ಹರಣಶಿಕಾರಿ ಅಂತಾರ ನಮಗ.
ಹೆಸರಿನ್ಯಾಗ ಹರಣ ಐತಿ, ಶಿಕಾರಿ ಐತಿ,
ಮನ್ಯಾಗ ಎರಡೂ ಇಲ್ಲ.
ಈಗ ಇಲಾಖೆದವರು ಕರದಾರ,
ಕಪ್ಪತಗುಡ್ಡದಾಗ ಹನ್ನೊಂದ ರಾತ್ರಿ, ದಿನಗೂಲಿ,
ಸಾಮಾನಿಗೆ ಮೂರು ಸಾವಿರ ಮುಂಗಡ.
ಗುಡಗೇರಿ ಸಾಹೇಬ್ರು ಚೀಟಿ ಬರದುಕೊಟ್ಟಾರ:
ಬೂಟು, ಜಾಕೀಟು, ಬ್ಯಾಟರಿ, ಕಾಲಚೀಲ ಎರಡ ಜೋಡಿ.
ಚೀಟಿಯ ಹಿಂದಿನ ಮಗ್ಗಲಾ ಖಾಲಿ ಇತ್ತು.
ಅದನ್ನ ತುಂಬಿದಾಕಿ ನಮ್ಮಜ್ಜಿ ಝುಮಕಿಬಾಯಿ,
ಬೆಟಗೇರಿ ಓಣಿಯ ಕಟ್ಟಿಮ್ಯಾಲೆ ಕುಂತು,
ಬಾಯಿಲೆ.
ಓದಾಕ ಬರಿಯಾಕ ಬರದಾಕಿ.

"ಅಂಗಿ ಕಣ್ಣಿಗಲ್ಲ, ಕಿವಿಗೆ ಹಿಡದ ನೋಡು.
ತೋಳಿಗೆ ತೋಳು ತಿಕ್ಕಿದರ ಏನಂತದ ಕೇಳು.
ನಿನ್ನ ತೋಳು ಮಾತಾಡಿದರ
ಅಡವಿ ತೋಳ ಮಾತಾಡೂದಿಲ್ಲ."

ಹಂಗಂತ ನಾ ಅಂಗಡ್ಯಾಗ ನಿಂತು
ಒಂದೊಂದ ಜಾಕೀಟ ಕಿವಿಗೆ ಹಿಡದೆ.
ಒಂದು ಚುರಮರಿ ಚೀಲದಂಗ ಪರಪರ ಅಂತು.
ಒಂದು, ಭಾಳ ತುಟ್ಟಿದು, ಎಂಟ ಕಿಸೆ,
ಬಿರುಗಾಳ್ಯಾಗ ತಗಡು.
"ಟ್ರಾನ್ಸಿಸ್ಟರ್ ಅಲ್ಲಪಾ ಅದು" ಅಂದು ಮಕಾನದಾರ ನಕ್ಕ.
ಮೊಣಕೈ ತೂತು ಬಿದ್ದ ಉಣ್ಣಿ ಸ್ವೆಟರ್ ಒಂದ
ಬೆಕ್ಕಿನಂಗ ಸುಮ್ಮನಿತ್ತು.

"ಹಸರ ಬ್ಯಾಡ. ಮಾಘದಾಗ ಗುಡ್ಡದಮ್ಯಾಲೆ ಎಲ್ಲೈತಿ ಹಸರ?
ಜೋಳ ಕೊಯ್ದ ಮ್ಯಾಲಿನ ಕೂಳಿ ಬಣ್ಣ ತಾ."
ಗುಡ್ಡಿಯೊಳಗ ಹಸರ ಚಿಕ್ಕಿ ಚಿಕ್ಕಿ ಅಂಗಿ ಬೇಕಾದಷ್ಟು,
ಯಾವ ಮಳಿನಾಡಿನ ಎಲಿಗಳೋ ಏನೋ.
ಕೂಳಿ ಬಣ್ಣದ್ದು ಹುಡಕಿ ಹುಡಕಿ
ತಳದಾಗ ಸಿಕ್ಕದ್ದು ಒಂದ.
ಬಿಚ್ಚಿ ಹಿಡದೆ.
ಖಾಕಿ.

ಆಕಿನ ಹೇಳಿದ್ಲು ಒಮ್ಮೆ, ಅಕ್ಕಿ ಹಸನ ಮಾಡಕೋತ:
ಖಾಕಿ ಕಂಡರ ಮಿಗ ಓಡತಿದ್ದಿಲ್ಲ,
ನಾವು ಓಡತಿದ್ದಿವಿ.
ಅಜ್ಜ ಹರಚಂದನ ಸಾಮಾನು ಎಷ್ಟು?
ಒಂದು ಕಂಬಳಿ, ಎರಡು ಬಲಿ, ಬರಿಗಾಲು.
ಆ ಬಲಿ ಒಂದ ರಾತ್ರಿ ಡಂಬಳದ ಹಾದ್ಯಾಗಿನ ಬಾವಿಗೆ ಬಿತ್ತು.
ಯಾರ ಒಗದರು ಅಂತ ಆಕಿ ಹೇಳೂದಿಲ್ಲ.

ತಗೊಂಡೆ. ಬೂಟೂ ತಗೊಂಡೆ,
ಸಾಹೇಬ್ರಿಗೆ ಬಿಲ್ಲು ತೋರಸಬೇಕಲ್ಲ,
ಮಂಡಲದ ಹಾವಿನ ಅಂಜಿಕಿ ಬ್ಯಾರೆ.
"ಬೂಟು ಹಾಕಿದ ಕಾಲಿಗೆ ನೆಲ ಸುಳ್ಳ ಹೇಳತದ,
ಬೇಕಾದಾಗ ಕೊರಳಿಗೆ ಕಟಗೋ" ಅಂದ್ಲು.
ಸಾಬಾಣ ಮುಟ್ಟಸಲಿಲ್ಲ. ಎಲ್ಲಾ ಬಟ್ಟಿ
ಬಾದಿ ಹುಲ್ಲಿನ ಸೂಡಿನ್ಯಾಗ ಎರಡ ದಿನಾ ಹುಗದಿಟ್ಲು.

ಖಾಕಿ ಮಾತ್ರ ಕಡೀಕ ಕೈಗೆ ತಗೊಂಡ್ಲು.
ನೋಡಲಿಲ್ಲ. ಕಿವಿಗೆ ಹಿಡದ್ಲು.
ತೋಳಿಗೆ ತೋಳು ತಿಕ್ಕಿದ್ಲು, ಭಾಳೊತ್ತು,
ಒಳಗ ಯಾರರ ಅದಾರೇನು ಅನ್ನೂವಂಗ.
"ಸುಮ್ಮನೈತಿ" ಅಂದ್ಲು.
ಆಮ್ಯಾಲೆ ಉಳಿದ ಹಲ್ಲಿನ್ಯಾಗ ದಾರ ಕಡದು
ಆರೂ ಹಿತ್ತಾಳಿ ಗುಂಡಿ ಕಿತ್ತಿದ್ಲು,
ಬೆಳದಿಂಗಳಾಗ ಮಿಂಚತಾವ ಅಂತ.
ಗುಂಡಿ ಎಲಿ ಅಡಕಿ ಚೀಲ ಸೇರಿದವು,
ಅಂಗಿಗೆ ಲಾಡಿ ಬಂತು.

ಏಳನೇ ರಾತ್ರಿ. ಗಾಳಿಪಂಖಾದ ಕೆಳಗಿನ ಇಳಿಜಾರು.
ಬೂಟು ಕೊರಳಾಗ, ಕಾಲಚೀಲದ ತುಂಬ ಕರಡದ ಮುಳ್ಳು.
ಅದು ಬಂತು. ಹನ್ನೆರಡ ಹೆಜ್ಜಿ ದೂರ.
ನಿಂತು, ಮೂಸಿ, ಹುಲ್ಲು ಅಂದುಕೊಂಡು
ನನ್ನ ಮುಂದ ಹಾದುಹೊಂಟಿತು,
ಬೆನ್ನಿನ ಕೂದಲ ಒಂದೊಂದ ಎಣಸಬಹುದಿತ್ತು.
ಅಂಗಿ ಒಂದ ಮಾತ ಆಡಲಿಲ್ಲ.

ನಾ ವಹಿ ತಗದು
ಒಂದು ಅಂತ ಬರದೆ.

ಪೆನ್ಸಿಲ್ ಕರ್ ಅಂತು.
ಅದು ತಿರುಗಿ ನೋಡಿತು.