ಅರಳಿ ಹಿಂಜುವ ತಿಂಗಳು

ಮಳಿ ಹೋದ ಮ್ಯಾಲ ಬೀದರಿಗಿ
ಕಣ್ಣೊರಸಿಕೊಂಡ ಮುಖ.
ಕೋಟಿ ಗ್ವಾಡಿ ಇನ್ನೂ ಹಸಿ,
ಕೆಂಪು ಮಣ್ಣು ಚಪ್ಪಲಿಗಿ ಹತ್ತಿ ಮನಿತನಕ ಬರ್ತದ.

ಚೌಬಾರಾದ ಹತ್ತಿರ ಸೀತಾಫಲದ ಬುಟ್ಟಿ.
"ಇದು ಇವತ್ತಿಗಿ, ಇದು ನಾಡದ್ದಿಗಿ"
ಹೆಬ್ಬಟ್ಟಿಲೆ ಒತ್ತಿ ನೋಡಿ ಹೇಳ್ತಾಳ ತುಳಜಮ್ಮ.
ಆಕಿ ಲೆಕ್ಕ ಎಂದೂ ತಪ್ಪಿಲ್ಲ.
ನಾಡದ್ದಿಂದು ಮಾತ್ರ ಪ್ರತಿ ವರ್ಷ ಇಲಿ ತಿಂತದ.

ಹನ್ನೊಂದರ ಸುಮಾರಿಗಿ ವಿಮಾನದ ಹುಡುಗರು
ಆಕಾಶ ಕಲೀಲಿಕ್ಕ ಬರ್ತಾರ.
ತೊಳದಿಟ್ಟ ನೀಲಿ ಮ್ಯಾಲ ಒಂದು ಬಿಳಿ ಗೀಟು,
ಆಮ್ಯಾಲ ಸೊಟ್ಟ, ಆಮ್ಯಾಲ ಏನೂ ಇಲ್ಲ.
ನನ್ನ ಮೂರನೇತ್ತದ ಮಕ್ಕಳು
ಏಳರ ಮಗ್ಗಿ ಅರ್ಧಕ್ಕ ಬಿಟ್ಟು ಕಿಟಕಿಗಿ ಓಡಿದ್ವು.
ಬೈಬೇಕಾಗಿತ್ತು. ನಾನೂ ಎದ್ದು ಹೋದೆ.

ಭಾಲ್ಕಿ ರೋಡಿನ ಅರ್ಧ ಸೋಯಾಕ್ಕ, ಅರ್ಧ ಬಸ್ಸಿಗಿ.
ಡ್ರೈವರ್ ಹಾರ್ನ್ ಹೊಡೀಲಿಲ್ಲ,
ರಾಶಿ ಮ್ಯಾಲೇ ಸಾವಕಾಶ ಹಾದ.
ಟಾಯರ್ ಕೆಳಗ ಚಟಚಟ ಕಾಯಿ ಒಡದ ಸಪ್ಪಳ,
ದಂಡಿಗಿ ನಿಂತ ಮುದುಕ ಕೈ ಎತ್ತಿ ಸಲಾಂ ಮಾಡಿದ.

ಸಂಜಿಗಿ ನಮ್ಮ ಓಣ್ಯಾಗ ಟೊಂಯ್, ಟೊಂಯ್.
ಮಷೀನ್ ಬಂದು ಎಷ್ಟೋ ವರ್ಷಾತು,
ಲಾಡ್ಲೇಸಾಬ ಬಿಲ್ಲು ಬಿಟ್ಟಿಲ್ಲ.
ಅವ್ವನ ಹಳೀ ಗಾದಿ ಬಿಚ್ಚಿದ:
ಗಂಟುಗಂಟು ಕರೀ ಅರಳಿ,
ಅದರಾಗ ಒಂದು ಬಳಪದ ಚೂರು.
"ಇದು ಯಾರದ್ರೀ ಬಾಯಿ?"
ನಾ ಕದ್ದು ತಿಂತಿದ್ದ ಬಳಪ. ಹೇಳಲಿಲ್ಲ.
ಅವನ ಹುಬ್ಬಿನ ಮ್ಯಾಲ ಅರಳಿ ಕುಂತಿತ್ತು,
ತುಳಸಿ ಮ್ಯಾಲ, ನೀರಿನ ಕೊಡದ ಮ್ಯಾಲ.

ರಾತ್ರಿ ಫ್ಯಾನ್ ಬಂದ್ ಮಾಡಿದೆ, ಈ ವರ್ಷ ಮೊದಲ ಸಲ.
ಬಳಪ ಬಾಯಾಗ ಇಟ್ಟುಕೊಂಡು ನೋಡಿದೆ.
ರುಚಿ ಹಂಗೇ ಅದ.