ದರಪಟ್ಟಿಯಲ್ಲಿ ಇಲ್ಲದ್ದು

ಕುತಾಯಿಸಿಯ ಹಸಿರು ಪೇಟೆಯ ಹಿಂದೆ, ರಿಯೋನಿ ನದಿ
ಬಿಳಿಗಲ್ಲುಗಳಿಗೆ ತಲೆ ಚಚ್ಚಿಕೊಂಡು ಹರಿಯುವಲ್ಲಿ
ನನ್ನದೊಂದು ಕ್ಷೌರದಂಗಡಿ. ಎರಡು ಕುರ್ಚಿ. ಒಂದು ಮುರಿದಿದೆ.
ನಲವತ್ತೊಂದು ವರ್ಷದಿಂದ ಊರಿನ ತಲೆಗಳನ್ನು
ಮೇಲಿನಿಂದ ನೋಡುತ್ತಿದ್ದೇನೆ,
ದೇವರೂ ನಾನೂ ಮಾತ್ರ ನೋಡುವ ಕೋನ.

ಬಿಳಿಬಟ್ಟೆ ಕೊರಳಿಗೆ ಬಿಗಿದೊಡನೆ ಕೇಳುತ್ತಾರೆ,
ದನಿ ತಗ್ಗಿಸಿ, ಸಾಲ ಕೇಳುವವರ ಹಾಗೆ:
'ಬೊಂದೋ, ತುರಿಚೆಸೊಪ್ಪಿನ ನೀರು ಕೆಲಸ ಮಾಡುತ್ತದಾ?
ಬರ್ಡಾಕ್ ಬೇರಿನ ಎಣ್ಣೆ? ಕರಡಿಯ ಕೊಬ್ಬು?
ನಮ್ಮ ಸೋದರಮಾವನಿಗೆ ಬಂತಂತೆ...'
ಎಲ್ಲರಿಗೂ ಒಬ್ಬ ಸೋದರಮಾವ ಇದ್ದೇ ಇರುತ್ತಾನೆ,
ಯಾವುದೋ ಬೆಟ್ಟದಾಚೆ, ಸೊಂಪು ಜುಟ್ಟಿನವನು.
ನನ್ನ ಕುರ್ಚಿಯಲ್ಲಿ ಮಾತ್ರ ಅವನು
ಇದುವರೆಗೆ ಬಂದು ಕೂತಿಲ್ಲ.

ನನ್ನ ಮನೆಯದೇ ಹೇಳುತ್ತೇನೆ.
ಮೊದಲ ಮಗು ಹುಟ್ಟಿ ನಾಲ್ಕನೇ ತಿಂಗಳು
ನಾಜಿಬ್ರೋಲಾಳ ಬಾಚಣಿಗೆಯಲ್ಲಿ ದಿನಕ್ಕೊಂದು ಗುಬ್ಬಿಗೂಡು.
ಅವಳ ತಾಯಿ ಅಗ್ರಫೀನಾ ಆಕ್ರೋಟಿನ ಎಲೆ ಕುದಿಸಿ
ಕಪ್ಪು ಕಷಾಯ ಹುಯ್ದಳು, ಮಂಗಳವಾರ, ಶುಕ್ರವಾರ.
ದಿಂಬು ಕಪ್ಪಾಯಿತು, ಕಿವಿ ಕಪ್ಪಾಯಿತು,
ಜಡೆ ಹಿಡಿದ ಮಗುವಿನ ಮುಷ್ಟಿಯೂ ಕಪ್ಪಾಯಿತು.
ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಹಣೆಯಂಚಿನಲ್ಲಿ
ಗರಿಕೆಯ ಹಾಗೆ ಎದ್ದು ನಿಂತವು ಮರಿಗೂದಲು.
ಎರಡನೇ ಹೆರಿಗೆಗೆ ಮುದುಕಿ ಇರಲಿಲ್ಲ,
ಆಕ್ರೋಟಿನ ಮರ ಕಡಿದಾಗಿತ್ತು, ಏನೂ ಹಚ್ಚಲಿಲ್ಲ.
ಅಷ್ಟೇ ಉದುರಿತು. ಅಷ್ಟೇ ಬಂತು. ಅಷ್ಟೇ ತಿಂಗಳಿಗೆ.
ಕಾಗೆ ಕೂತಿತ್ತು, ಕೊಂಬೆ ಮುರಿದಿತ್ತು.
ಈ ಮಾತು ಹೆಂಡತಿಗೆ ಒಮ್ಮೆ ಹೇಳಿ
ಮೂರು ದಿನ ತಣ್ಣಗಿನ ಲೋಬಿಯೋ ಕಾಳು ತಿಂದಿದ್ದೇನೆ.

ಗಂಡಸರ ನೆತ್ತಿಯ ಕಥೆ ಬೇರೆ.
ಅದು ಅಪ್ಪನೋ, ತಾಯಿಯ ಅಪ್ಪನೋ ಬರೆದಿಟ್ಟ ಉಯಿಲು.
ಓತಿಯಾನ ತಲೆ ನನಗೆ ಕರತಲಾಮಲಕ:
ಮೂವತ್ತರಲ್ಲಿ ಹಣೆಯ ಎರಡು ಮೂಲೆ ಒತ್ತುವರಿಯಾದವು,
ನಲವತ್ತಕ್ಕೆ ನೆತ್ತಿಯಲ್ಲಿ ತಟ್ಟೆಯಗಲ ಬಯಲು.
ಬೆಳ್ಳುಳ್ಳಿ ತಿಕ್ಕಿದ. ಸಾಸಿವೆ ಮೆತ್ತಿದ, ಬೊಬ್ಬೆ ಎದ್ದಿತು.
ಕರೆಂಟಿಲ್ಲದ ಆ ಕತ್ತಲ ವರ್ಷಗಳಲ್ಲಿ
ಸೀಮೆಎಣ್ಣೆಗೆ ಇಡೀ ಊರು ಸಾಲುಗಟ್ಟಿದ್ದಾಗ
ಒಂದು ಚಮಚ ಕದ್ದು ನೆತ್ತಿಗೆ ಹುಯ್ದುಕೊಂಡ.
'ದೀಪ ಹಚ್ಚಲೋ, ನಿನ್ನ ತಲೆಗೇ ಹಚ್ಚಲೋ?'
ಅಂದಳಂತೆ ಚಿಯಾಲಾ, ಕೈಯಲ್ಲಿ ಬೆಂಕಿಪೊಟ್ಟಣ.

ಕೊನೆಗೆ ಈರುಳ್ಳಿಗೆ ಬಂದು ನಿಂತರು.
ಪ್ರತಿ ಶನಿವಾರ ಅವಳು ತುರಿದು, ಹಿಂಡಿ, ತಿಕ್ಕುವಳು,
ಇಬ್ಬರ ಕಣ್ಣಲ್ಲೂ ಧಾರಾಕಾರ,
ರೇಡಿಯೋದಲ್ಲಿ ಫುಟ್‌ಬಾಲು, ಯಾರೋ ಸೋಲುತ್ತಿದ್ದರು.
ಹತ್ತೊಂಬತ್ತು ವರ್ಷ.
ಒಂದು ಎಳೆ ಹೆಚ್ಚಲಿಲ್ಲ; ನಾನು ಬಲ್ಲೆ,
ಗುಡಿಸುವವನು ನಾನೇ ತಾನೆ.
ಹೇಳಿಯೂ ಇದ್ದೆ. ನಕ್ಕ:
'ಉದುರುವುದು ನಿಧಾನವಾಗಿದೆ, ಬೊಂದೋ.'
ಉದುರಲು ಏನು ಉಳಿದಿದೆ
ಎಂದು ನಾನು ಕೇಳಲಿಲ್ಲ.

ಚಿಯಾಲಾ ಹೋದದ್ದು ಫೆಬ್ರವರಿಯಲ್ಲಿ.
ನಮ್ಮಲ್ಲಿ ನಲವತ್ತು ದಿನ ಕತ್ತಿ ಸೋಕಿಸುವುದಿಲ್ಲ.
ನಲವತ್ತೊಂದನೆಯ ದಿನ ಬಂದು ಕೂತ.
ಗಡ್ಡ ಎದೆಗಿಳಿಯುವಂತೆ ಬೆಳೆದಿತ್ತು,
ಏನೊಂದೂ ಹಚ್ಚದೆ.
ಬೋಳಿಸಿದೆ. ಮುಖ ಒರೆಸಿದೆ. ಏಳಲಿಲ್ಲ.
ಕೋಟಿನ ಜೇಬಿನಿಂದ ಪತ್ರಿಕೆಯ ಪೊಟ್ಟಣ ತೆಗೆದ,
ಒಳಗೊಂದು ಈರುಳ್ಳಿ, ಮನೆಯಲ್ಲೇ ಸುಲಿದು ತಂದದ್ದು.
'ಇದಕ್ಕೆಷ್ಟು ತೆಗೆದುಕೊಳ್ಳುತ್ತೀ?'

ಗೋಡೆಯ ಮೇಲೆ ದರಪಟ್ಟಿ ಇದೆ.
ಕ್ಷೌರ ಇಷ್ಟು, ಗಡ್ಡ ಇಷ್ಟು, ಮಕ್ಕಳಿಗೆ ಅರ್ಧ.
ನಾನೇ ಬರೆದದ್ದನ್ನು ಮೇಲಿಂದ ಕೆಳಗೆ ಓದಿದೆ.
ಆಮೇಲೆ ತುರಿಯುವ ಮಣೆ ಕೇಳಲು
ಪಕ್ಕದ ರೊಟ್ಟಿಯಂಗಡಿಗೆ ಓಡಿದೆ.

ಈಗ ಶನಿವಾರ ಸಂಜೆಯ ಗಿರಾಕಿಗಳು
ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ಕೇಳುತ್ತಾರೆ,
'ಕೆಲಸ ಮಾಡುತ್ತದಾ?'
ಇಲ್ಲ, ಅನ್ನುತ್ತೇನೆ.
ಹೆಬ್ಬೆರಳು ಅವನ ನೆತ್ತಿಯ ಮೇಲೆ ಸುತ್ತುತ್ತಲೇ ಇರುತ್ತದೆ.
'ಸ್ವಲ್ಪ ಎಡಕ್ಕೆ,' ಅನ್ನುತ್ತಾನೆ ಓತಿಯಾ,
ಕಣ್ಣು ಮುಚ್ಚಿಕೊಂಡು.